ಹಾಯಿದೋಣಿಯಲ್ಲಿ ವಿಸ್ ದ್ವೀಪಕ್ಕೆ

ಕ್ರೊಯೇಷಿಯಾದ ಸ್ಪ್ಲಿಟ್ ಬಂದರಿನಿಂದ ವಿಸ್ ದ್ವೀಪಕ್ಕೆ ಫೆರಿ ಹತ್ತಿದರೆ ಎರಡೂವರೆ ಗಂಟೆಯೊಳಗೆ ತಲುಪಬಹುದು. ಮೊದಲ ಸಲ ನಾನೂ ಹಾಗೆಯೇ ಹೋದೆ. ಎರಡು ದಿನ ಸ್ಕೂಟರಿನಲ್ಲಿ ಸುತ್ತಿದೆ. ದ್ವೀಪ ಮನಸ್ಸಿಗೆ ಹಿಡಿಸಿತು, ಆದರೆ ಅದರ ಬೆನ್ನನ್ನಷ್ಟೇ ನೋಡಿ ಬಂದೆನೇನೋ ಎಂಬ ಕೊರಗು ಉಳಿಯಿತು. ರಸ್ತೆ ಗುಡ್ಡದ ನಡುವೆ ಸಾಗುತ್ತದೆ. ಕೊಲ್ಲಿ, ಗುಹೆ, ಕೋಟೆ ಎಲ್ಲವೂ ಕಡಲಿಗೆ ಮುಖ ಮಾಡಿ ಕುಳಿತಿವೆ. ಆ ಮುಖವನ್ನು ನೋಡಬೇಕಾದರೆ ನೀರಿನ ಮೇಲಿಂದಲೇ ಬರಬೇಕು, ನಮ್ಮದೇ ದೋಣಿಯಲ್ಲಿ, ನಿಧಾನವಾಗಿ.

ಅದಕ್ಕಾಗಿ ಮೂರು ವರ್ಷ ಹಿಡಿಯಿತು. ಹುಟ್ಟಿದ್ದು ಹೊನ್ನಾವರದಲ್ಲಾದರೂ ಹಾಯಿ ಕಟ್ಟುವುದನ್ನು ನಾನು ಕಲಿತದ್ದು ಕೆಲಸಕ್ಕೆಂದು ಮ್ಯೂನಿಕ್‌ಗೆ ಬಂದ ಮೇಲೆ, ಹತ್ತಿರದ ಸ್ಟಾರ್ನ್‌ಬರ್ಗ್ ಸರೋವರದಲ್ಲಿ. ಕ್ರೊಯೇಷಿಯಾದಲ್ಲಿ ದೋಣಿಯನ್ನು ನಾವೇ ನಡೆಸಬೇಕಾದರೆ ಕಡಲ ಪರವಾನಗಿಯ ಜೊತೆಗೆ ರೇಡಿಯೋ ಬಳಸುವ ಪ್ರಮಾಣಪತ್ರವೂ ಬೇಕು. ಇಲ್ಲದವರು ದಿನಗೂಲಿಯ ಮೇಲೆ ಚಾಲಕನನ್ನು ಕರೆದುಕೊಂಡು ಹೋಗಬಹುದು. ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಸೆಪ್ಟೆಂಬರಿನಲ್ಲಿ ನಾವು ಆರು ಜನ ಸ್ಪ್ಲಿಟ್ ಬಳಿಯ ಕಾಶ್ಟೆಲಾದ ಮರೀನಾದಿಂದ (ವಿಹಾರದೋಣಿಗಳ ತಂಗುದಾಣ) 38 ಅಡಿಯ ದೋಣಿಯೊಂದನ್ನು ತೆಗೆದುಕೊಂಡೆವು.

ಭಾನುವಾರ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಬ್ರಾಚ್ ಮತ್ತು ಶೋಲ್ಟಾ ದ್ವೀಪಗಳ ನಡುವಿನ ಕಿಂಡಿಯನ್ನು ಎಂಜಿನ್ ಹಾಕಿಯೇ ದಾಟಿದೆವು. ಹನ್ನೊಂದೂವರೆಯ ಸುಮಾರಿಗೆ ವಾಯವ್ಯದ ಕಡೆ ನೀರಿನ ಬಣ್ಣ ಗಾಢವಾಯಿತು. ಅದು ಮಾಯೆಸ್ತ್ರಾಲ್ ಬರುವ ಸೂಚನೆ. ನೆಲ ಕಾದಂತೆ ಕಡಲಿನಿಂದ ಬೀಸತೊಡಗಿ, ಮಧ್ಯಾಹ್ನ ಬಲಗೊಂಡು, ಸೂರ್ಯ ಮುಳುಗುವಾಗ ಅಡಗುವ ಗಾಳಿ ಇದು. ನಮ್ಮೂರಿನ ಮಧ್ಯಾಹ್ನದ ಪಡುಗಾಳಿಯ ಹುಟ್ಟೂ ಇದೇ ಬಗೆಯದು. ವಿಸ್‌ಗೆ ನೈಋತ್ಯ ದಿಕ್ಕಿನಲ್ಲಿ ಹೋಗಬೇಕು, ಗಾಳಿ ವಾಯವ್ಯದಿಂದ ಬರುತ್ತದೆ. ಅಂದರೆ ಸರಿಯಾಗಿ ಪಕ್ಕೆಗೆ ಬೀಸುತ್ತದೆ. ಹಾಯಿದೋಣಿಗೆ ಇದಕ್ಕಿಂತ ಹಿತವಾದ ಗಾಳಿ ಇನ್ನೊಂದಿಲ್ಲ. ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದೊಡನೆ ದೋಣಿ ಒಂದು ಬದಿಗೆ ವಾಲಿ ಹಿಡಿತ ಕಂಡುಕೊಂಡಿತು. ಆಮೇಲೆ ಕೇಳುತ್ತಿದ್ದದ್ದು ಒಡಲನ್ನು ಸವರಿಕೊಂಡು ಹೋಗುವ ನೀರಿನ ಸದ್ದು ಮಾತ್ರ.

ಮೊದಲು ಕಂಡದ್ದು 587 ಮೀಟರಿನ ಹೂಮ್ ಬೆಟ್ಟ. 1944ರಲ್ಲಿ ಯುಗೊಸ್ಲಾವಿಯಾದ ಪ್ರತಿರೋಧ ಪಡೆಯ ನಾಯಕ ಟಿಟೋ ಆ ಬೆಟ್ಟದ ಗುಹೆಯಲ್ಲಿ ಕುಳಿತು ಯುದ್ಧ ನಡೆಸಿದರು. ಒಂದು ತಾಸು ಕಳೆದ ಮೇಲೆ ಎಡಕ್ಕೆ ಸ್ಟೋಂಚಿತ್ಸಾದ ಬಿಳಿಯ ದೀಪಸ್ತಂಭ ಎದ್ದು ಬಂತು. ವಿಸ್‌ನ ಉತ್ತರದ ಇದೇ ಕಡಲಿನಲ್ಲಿ 1811ರಲ್ಲಿ ವಿಲಿಯಂ ಹೋಸ್ಟ್ ನೇತೃತ್ವದ ಬ್ರಿಟಿಷ್ ಹಡಗುಗಳು ಫ್ರೆಂಚರನ್ನು ಸೋಲಿಸಿದವು. 1866ರಲ್ಲಿ ಆಸ್ಟ್ರಿಯಾದ ನೌಕಾಪಡೆ ಇಟಲಿಯ ಹಡಗುಗಳಿಗೆ ಮೂತಿಯಿಂದಲೇ ಗುದ್ದಿ ಗೆದ್ದಿತು. ಬಂದರಿನ ಬಾಯಲ್ಲಿರುವ ಪುಟ್ಟ ದ್ವೀಪಕ್ಕೆ ಇಂದಿಗೂ ಹೋಸ್ಟ್ ಎಂದೇ ಹೆಸರು. ಬಲಕ್ಕೆ ಬ್ರಿಟಿಷರು ಕಟ್ಟಿದ ಕೋಟೆ, ಒಳಗೆ ಅರ್ಧಚಂದ್ರದ ಹಾಗೆ ಬಾಗಿದ ಬಂದರು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಕರು ಇಲ್ಲಿ ಇಸ್ಸಾ ಎಂಬ ಊರು ಕಟ್ಟಿದ್ದು ಏಕೆ ಎಂಬುದಕ್ಕೆ ಉತ್ತರ, ಹೊರಗಿನ ಅಲೆ ಒಮ್ಮೆಲೇ ಸತ್ತು ನೀರು ತಟ್ಟೆಯಂತಾದಾಗ ನನ್ನ ಕೈಯಲ್ಲಿದ್ದ ಚುಕ್ಕಾಣಿಗೇ ತಿಳಿಯಿತು. ಫೆರಿಯ ಕಿಟಕಿಯಲ್ಲಿ ಕುಳಿತಾಗ ನನಗೆ ಇದು ಹೊಳೆದಿರಲೇ ಇಲ್ಲ.

ಧಕ್ಕೆಗೆ ದೋಣಿ ಕಟ್ಟುವ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಹೊಸಬರಿಗೆ ನಡುಕ ಹುಟ್ಟಿಸುವುದು ಅದೇ. ಹೊನ್ನಾವರದ ಅಳಿವೆಯಲ್ಲಿ ಉಬ್ಬರವಿಳಿತಕ್ಕೆ ದೋಣಿ ಆಳೆತ್ತರ ಏರಿಳಿಯುತ್ತದೆ. ಇಲ್ಲಿ ನೀರು ಏರುವುದು ಗೇಣಿನಷ್ಟು ಮಾತ್ರ. ಹಾಗಾಗಿ ದೋಣಿಯ ಹಿಂಭಾಗವನ್ನು ಧಕ್ಕೆಗೆ ತಾಗಿಸಿದಂತೆ ನಿಲ್ಲಿಸಿ, ಹಲಗೆ ಹಾಕಿ ಇಳಿಯುತ್ತಾರೆ. ಎರಡೂ ಪಕ್ಕ ಬೇರೆ ದೋಣಿಗಳಿರುತ್ತವೆ, ನಡುವಿನ ಸಂದಿಗೆ ಹಿಮ್ಮುಖವಾಗಿ ನುಗ್ಗಬೇಕು. ವೇಗ ಸಾಲದಿದ್ದರೆ ಚುಕ್ಕಾಣಿ ಮಾತು ಕೇಳುವುದಿಲ್ಲ, ಗಾಳಿ ಮೂತಿಯನ್ನು ತಳ್ಳಿಕೊಂಡು ಹೋಗುತ್ತದೆ. ಅಂದು ಹೆದರಿ ನಿಧಾನ ಮಾಡಿದ ನಾನು ಪಕ್ಕದ ದೋಣಿಯ ಮೇಲೆ ಒರಗಿದೆ. ಬದಿಗೆ ತೂಗುಬಿಟ್ಟ ಮೆತ್ತೆಗಳು, ಅಂದರೆ ಫೆಂಡರುಗಳು, ಇದ್ದುದರಿಂದ ಗೀರು ಬೀಳಲಿಲ್ಲ. ಮುಂದಕ್ಕೆ ಹೋಗಿ, ದೂರದಿಂದಲೇ ನೇರಮಾಡಿಕೊಂಡು, ಧೈರ್ಯವಾಗಿ ವೇಗ ಕೊಟ್ಟು ಬಂದಾಗ ಸರಿಯಾಯಿತು. ಧಕ್ಕೆಯ ಮೇಲಿದ್ದವನು ನೀರಿನಿಂದ ಪಾಚಿ ಹಿಡಿದ ಹಗ್ಗವೊಂದನ್ನು ಎತ್ತಿ ಕೊಟ್ಟ. ಅದರ ಇನ್ನೊಂದು ತುದಿ ತಳದ ಕಾಂಕ್ರೀಟ್ ದಿಮ್ಮಿಗೆ ಕಟ್ಟಿರುತ್ತದೆ. ಆ ಹಗ್ಗವನ್ನು ಕೈಬದಲಿಸುತ್ತಾ ಮೂತಿಯವರೆಗೆ ಒಯ್ದು ಬಿಗಿಯಬೇಕು. ಕೈಗವಸು ಹಾಕಿಕೊಳ್ಳಲು ಮರೆಯಬೇಡಿ, ಹಗ್ಗಕ್ಕೆ ಅಂಟಿದ ಚಿಪ್ಪುಗಳು ಅಂಗೈಯನ್ನು ಸೀಳುತ್ತವೆ.

ಮರುದಿನ ದಕ್ಷಿಣ ತೀರಕ್ಕೆ ಹೋದೆವು. ಸ್ಟಿನಿವಾ ಕೊಲ್ಲಿಯ ಚಿತ್ರವನ್ನು ನೀವು ನೋಡಿರಬಹುದು: ಎರಡು ಬಂಡೆಗೋಡೆಗಳ ನಡುವೆ ಕೆಲವೇ ಮೀಟರಿನ ಬಾಗಿಲು, ಒಳಗೆ ಬೆಣಚುಕಲ್ಲಿನ ದಂಡೆ. ಹಗಲು ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮಗೆ ದೋಣಿಯೇ ಮನೆ, ಆದ್ದರಿಂದ ಬೆಳಿಗ್ಗೆ ಏಳಕ್ಕೇ ಹೊರಗೆ ನಿಂತಿದ್ದೆವು. ಸರದಿಯ ಮೇಲೆ ಮೂವರು ದೋಣಿಯಲ್ಲಿ ಉಳಿದು ಮೂವರು ಈಜಿ ಒಳಹೊಕ್ಕೆವು. ದಂಡೆಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಅಲೆ ಹಿಂದೆ ಸರಿಯುವಾಗ ಉರುಳುವ ಕಲ್ಲುಗಳ ಸದ್ದು ಗೋಡೆಗೆ ಬಡಿದು ಮರಳಿ ಬರುತ್ತಿತ್ತು. ದೋಣಿಯಲ್ಲಿ ಏಕೆ ಹೋಗಬೇಕು ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಆ ಅರ್ಧ ಗಂಟೆಯನ್ನು.

ಲಂಗರು ಹಾಕುವಾಗ ಒಂದು ಎಚ್ಚರ ಇರಲಿ. ತಳದಲ್ಲಿ ಕಪ್ಪಗೆ ಕಾಣುವುದು ಪೊಸಿಡೋನಿಯಾ ಎಂಬ ಕಡಲ ಹುಲ್ಲು. ಮೀನಿನ ಮರಿಗಳಿಗೆ ಅದೇ ತೊಟ್ಟಿಲು, ಅದು ಬೆಳೆಯುವುದು ಬಹಳ ನಿಧಾನ. ಲಂಗರು ಅದನ್ನು ಬೇರುಸಹಿತ ಕಿತ್ತುಹಾಕುತ್ತದೆ. ತಿಳಿಬಣ್ಣದ ಮರಳು ಕಾಣುವವರೆಗೆ ಹುಡುಕಿ ಅಲ್ಲಿಯೇ ಹಾಕಿ. ಹಿಡಿತವೂ ಮರಳಿನಲ್ಲೇ ಚೆನ್ನ.

ಪಶ್ಚಿಮದ ಕೋಮಿಝಾ ಮೀನುಗಾರರ ಊರು. ಇಲ್ಲಿನವರು 40 ನಾಟಿಕಲ್ ಮೈಲಿಗೂ ದೂರದ ಪಲಾಗ್ರುಝಾ ದ್ವೀಪಕ್ಕೆ ಸಾರ್ಡೀನ್ ಮೀನು ಹಿಡಿಯಲು ಹೋಗುತ್ತಿದ್ದ ದೋಣಿಯ ಹೆಸರು ಫಾಲ್ಕುಶಾ. ಸುಮಾರು 9 ಮೀಟರಿನ ದೋಣಿ, ಹಾಯಿಕಂಬವೂ ಅಷ್ಟೇ ಉದ್ದ. ಹಾಯಿ ಕಟ್ಟಿ ಓಡುವಾಗ ಬದಿಗೆ ಹಲಗೆ ಏರಿಸಿ ಅಲೆಯನ್ನು ತಡೆಯುತ್ತಿದ್ದರು, ಬಲೆ ಎಳೆಯುವಾಗ ಕಳಚುತ್ತಿದ್ದರು. ಎಂಜಿನ್, ನಕ್ಷೆ, ಹವಾಮಾನದ ವರದಿ ಎಲ್ಲವೂ ಕೈಯಲ್ಲಿದ್ದು ಒಂದು ಸಂದಿಗೆ ನುಗ್ಗಲು ಹೆದರಿದ್ದ ನನಗೆ ಆ ಜನರ ಮೇಲೆ ಅಪಾರ ಗೌರವ ಮೂಡಿತು. ಅವರ ರೊಟ್ಟಿ ಪೊಗಾಚಾವನ್ನು ಊರಿನ ಬೇಕರಿಯಲ್ಲಿ ಬಿಸಿಯಾಗಿ ಕೊಂಡೆವು. ಅದರ ಹೊಟ್ಟೆಯಲ್ಲಿ ಈರುಳ್ಳಿ, ಟೊಮೆಟೊ, ಉಪ್ಪುಮೀನು. ದ್ವೀಪದ ಆಚೆ ಬದಿಯ ವಿಸ್ ಊರಿನವರು ಟೊಮೆಟೊ ಹಾಕುವುದಿಲ್ಲ.

ಎದುರಿನ ಬಿಶೆವೊ ದ್ವೀಪದ ನೀಲಿ ಗುಹೆಗೆ ನಮ್ಮ ದೋಣಿ ಹೋಗುವ ಹಾಗಿಲ್ಲ. ಟಿಕೆಟ್ ಪಡೆದು ಸಣ್ಣ ದೋಣಿಯಲ್ಲಿ ತಲೆ ಬಗ್ಗಿಸಿ ಒಳಹೋಗಬೇಕು. ಹನ್ನೊಂದು, ಹನ್ನೆರಡರ ಹೊತ್ತಿಗೆ ನೀರಿನಡಿಯ ಕಿಂಡಿಯಿಂದ ಬಿಸಿಲು ನುಗ್ಗಿ ತಳದಿಂದಲೇ ಬೆಳಗುತ್ತದೆ. ನೂಕುನುಗ್ಗಲು ಬಹಳ. ಒಮ್ಮೆ ನೋಡಿದರೆ ಸಾಕು.

ಬುಧವಾರ ರಾತ್ರಿಗೆ ಯೂಗೊ ಬರಲಿದೆಯೆಂಬ ಮುನ್ಸೂಚನೆ ಸಿಕ್ಕಿತು. ಆಗ್ನೇಯದಿಂದ ಬೀಸುವ ಈ ಗಾಳಿಗೆ ಕೋಮಿಝಾದೊಳಗೂ ಅಲೆ ಸುತ್ತಿ ಬರುತ್ತದೆ. ಕತ್ತಲಾದ ಮೇಲೆ ಒದ್ದಾಡುವುದು ಬೇಡವೆಂದು ಮಧ್ಯಾಹ್ನವೇ ಉತ್ತರ ತೀರದ ಮರೆ ಹಿಡಿದು ವಿಸ್ ಬಂದರಿಗೆ ಹೊರಟೆವು. ದಾರಿಯಲ್ಲಿ ಬಂಡೆಯಲ್ಲಿ ಚೌಕನೆಯ ಕಪ್ಪು ಬಾಯಿ ಕಂಡಿತು. ಯುಗೊಸ್ಲಾವಿಯಾದ ನೌಕಾಪಡೆ ತನ್ನ ನೌಕೆಗಳನ್ನು ಅಡಗಿಸಲು ಕೊರೆಸಿದ ಸುರಂಗ ಅದು, ನೂರು ಮೀಟರಿಗೂ ಉದ್ದ. 1989ರವರೆಗೆ ಈ ದ್ವೀಪಕ್ಕೆ ವಿದೇಶಿಯರು ಬರುವಂತಿರಲಿಲ್ಲ. ತೀರದುದ್ದಕ್ಕೂ ಹೋಟೆಲುಗಳು ಏಳದೆ ಉಳಿದದ್ದು ಅದರಿಂದಲೇ. ನಾವು ರಬ್ಬರ್ ದೋಣಿಯಲ್ಲಿ ಒಳಗೆ ಹೋಗಿ ಹುಟ್ಟು ಎತ್ತಿ ಕುಳಿತೆವು. ಕಾಂಕ್ರೀಟ್ ಚಾವಣಿಯಿಂದ ಹನಿಯೊಂದು ನೀರಿಗೆ ಬಿದ್ದರೂ ಕೇಳಿಸುತ್ತಿತ್ತು. ಹೊರಗೆ ಆಗಲೇ ಮೋಡ ಕಟ್ಟತೊಡಗಿತ್ತು.

ಆ ರಾತ್ರಿ ಬಂದರಿನೊಳಗೆ ಹಾಯಿಕಂಬಗಳ ನಡುವೆ ಗಾಳಿ ಕೂಗುತ್ತಿತ್ತು, ದೋಣಿ ಮಾತ್ರ ತೊಟ್ಟಿಲಿನಷ್ಟೇ ತೂಗಿತು. ಗುರುವಾರವಿಡೀ ಅಲ್ಲಿಯೇ ಉಳಿದೆವು. ಶುಕ್ರವಾರ ಸಂಜೆಯೊಳಗೆ ಡೀಸೆಲ್ ತುಂಬಿಸಿ ಕಾಶ್ಟೆಲಾಕ್ಕೆ ಮರಳಬೇಕಿತ್ತು. ಬೆಳಗಿನ ಐದೂವರೆಗೆ ಹಗ್ಗ ಬಿಚ್ಚಿ ಹೋಸ್ಟ್ ದ್ವೀಪ ದಾಟುವಾಗ ಸ್ಟೋಂಚಿತ್ಸಾದ ದೀಪ ಇನ್ನೂ ಮಿನುಗುತ್ತಿತ್ತು. ಚುಕ್ಕಾಣಿಯನ್ನು ಗೆಳತಿಯ ಕೈಗೆ ಕೊಟ್ಟು, ಹಿಂಬದಿಗೆ ಹೋಗಿ, ಹೂಮ್ ಬೆಟ್ಟ ಕಾಣುವಷ್ಟು ಹೊತ್ತೂ ನಿಂತಿದ್ದೆ.