ಕಾಯಿಲೆ ಸಿಟ್ಟು ಬೇರೆ, ವಿಷಯದ ಸಿಟ್ಟು ಬೇರೆ

ಡಿಪ್ರೆಶನ್ ಅಂದ್ರೆ ಎಲ್ರಿಗೂ ಮೂಲೇಲಿ ಕೂತು ಅಳೋರೇ ಕಣ್ಮುಂದೆ ಬರ್ತಾರೆ. ನಂಗೆ ಅಳು ಬಂದಿದ್ದು ಕಮ್ಮಿ, ಬಂದಿದ್ದೆಲ್ಲ ಸಿಟ್ಟೇ. ತಟ್ಟೆ ಸದ್ದಾದ್ರೆ ಸಿಟ್ಟು, ಫ್ಯಾನ್ ಕಿರ್ ಅಂದ್ರೆ ಸಿಟ್ಟು, ಯಾರಾದ್ರೂ ಪಾಪ "ಊಟ ಆಯ್ತಾ" ಅಂದ್ರೂ ಸಿಟ್ಟು. ಅದಕ್ಕೇ ಮನೇಲಿ ಯಾರಿಗೂ ಇದು ಕಾಯಿಲೆ ಅನ್ನಿಸ್ಲೇ ಇಲ್ಲ, ಇವಳಿಗೆ ಕೊಬ್ಬು ಅಂದ್ಕೊಂಡ್ರು. ನಾನು ಹಾಸನ ಜಿಲ್ಲೆಲಿ ಒಂದು ತಾಲ್ಲೂಕು ಊರಲ್ಲಿ ಟೈಲರಿಂಗ್ ಅಂಗಡಿ ಇಟ್ಕೊಂಡಿದೀನಿ, ಬ್ಲೌಸು, ಚೂಡಿದಾರ, ಫಾಲ್ಸು, ಸೀರೆ ಕುಚ್ಚು ಇಂಥವು. ಈ ಕಾಯಿಲೆ ಇಟ್ಕೊಂಡೇ ಮನೇಲೂ ಅಂಗಡೀಲೂ ಜಗಳ ಬೆಳೀದಂಗೆ ಹೆಂಗೆ ನೋಡ್ಕೊಳ್ತಿದೀನಿ ಅಂತ ಬರೀತಿದೀನಿ, ನಾನು ಮಾಡಿದ್ದು ಅಷ್ಟೇ, ಡಾಕ್ಟ್ರು ಹೇಳೋದೆಲ್ಲ ಡಾಕ್ಟ್ರೇ ಹೇಳ್ಬೇಕು.

ಮೊದ್ಲು ಹೋಗಿದ್ದು ತಲೆನೋವು, ನಿದ್ದೆ ಇಲ್ಲ ಅಂತ. ಥೈರಾಯ್ಡು, ರಕ್ತ ಎಲ್ಲ ಚೆಕ್ ಮಾಡಿಸಿ, ಏನೂ ಇಲ್ಲ ಅಂದ್ಮೇಲೆ ತಾಲ್ಲೂಕು ಆಸ್ಪತ್ರೆಲಿ ಮಂಗಳವಾರ ಮನೋಚೈತನ್ಯ ಅಂತ ಮನಸ್ಸಿನ ಡಾಕ್ಟ್ರು ಬರ್ತಾರಲ್ಲ, ಅಲ್ಲಿಗೆ ಕಳಿಸಿದ್ರು. ಅವರು ಒಂದು ಹಾಳೆ ಇಟ್ಕೊಂಡು 9 ಪ್ರಶ್ನೆ ಕೇಳಿದ್ರು, ಪಿಎಚ್‌ಕ್ಯೂ-9 ಅಂತಾರೆ ಅದಕ್ಕೆ, ಹಿಂದಿನ 2 ವಾರದಲ್ಲಿ ನಿದ್ದೆ ಹೆಂಗೆ, ಹಸಿವು ಹೆಂಗೆ, ಸುಸ್ತಾ, ಬದುಕೋದೇ ಬೇಡ ಅನ್ಸಿದ್ಯಾ. ಅಷ್ಟರಲ್ಲಿ ಸಿಟ್ಟಿನ ಬಗ್ಗೆ ಒಂದೂ ಪ್ರಶ್ನೆ ಇಲ್ಲ ನೋಡಿ! ಎದ್ದು ಬರೋವಾಗ ನಾನೇ ಹೇಳ್ದೆ, ಡಾಕ್ಟ್ರೇ ನಂಗೆ ಎಲ್ರ ಮೇಲೂ ರೇಗತ್ತೆ ಅಂತ. ಅವರು ಮುಚ್ಚಿಟ್ಟಿದ್ದ ಪೆನ್ನು ಮತ್ತೆ ತೆಗೆದು "ಅದೂ ಇದ್ರದ್ದೇ ಅಮ್ಮ, ಕೂತ್ಕೊಳಿ" ಅಂದು, ನಿದ್ದೆ ಮಾಡ್ದೇ ಇದ್ರೂ ಸುಸ್ತಾಗದೆ ಹುಮ್ಮಸ್ಸಲ್ಲಿ ಇರ್ತೀರಾ, ಕೈ ಬಿಟ್ಟು ಖರ್ಚು ಮಾಡ್ತೀರಾ ಅಂತೆಲ್ಲ ಕೇಳಿದ್ರು. ಹಂಗಿದ್ರೆ ಅದು ಬೈಪೋಲಾರ್, ಅಂದ್ರೆ ಮನಸ್ಸು ಒಂದ್ಸಲ ತೀರಾ ಕುಗ್ಗಿ ಇನ್ನೊಂದ್ಸಲ ತೀರಾ ಏರೋ ಕಾಯಿಲೆ, ಇರ್ಬೋದಂತೆ, ಅದರ ಔಷಧಿನೇ ಬೇರೆಯಂತೆ. ಅದಕ್ಕೇ ಹೇಳೋದು, ಸಿಟ್ಟು ಬರತ್ತೆ ಅನ್ನೋದನ್ನ ಡಾಕ್ಟ್ರ ಹತ್ರ ಮರ್ಯಾದೆಗೆ ಅಂಜಿ ಮುಚ್ಚಿಡ್ಬೇಡಿ.

ಎಸಿಟಲೋಪ್ರಾಮ್ ಅಂತ ಡಿಪ್ರೆಶನ್ ಮಾತ್ರೆ ಕೊಟ್ರು. ಶುರುವಲ್ಲಿ ಹೊಟ್ಟೆ ತೊಳಸೋದು, ಒಳಗೆ ಚಡಪಡಿಕೆ, ಸಿಟ್ಟು ಕಮ್ಮಿ ಆಗೋದಿರ್ಲಿ ಇನ್ನೂ ಒಂದು ಕೈ ಜಾಸ್ತಿನೇ ಆಯ್ತು. ಫೋನ್ ಮಾಡ್ದಾಗ, ಅದು ಕೆಲವ್ರಿಗೆ ಆಗತ್ತೆ, ತುಂಬಾ ಜಾಸ್ತಿ ಆದ್ರೆ ಬನ್ನಿ, ನೀವಾಗೇ ನಿಲ್ಲಿಸ್ಬೇಡಿ, ಮಾತ್ರೆ ಕೆಲಸ ಮಾಡಕ್ಕೆ 4ರಿಂದ 6 ವಾರ ಬೇಕು ಅಂದ್ರು. ಆ ಟೈಮಲ್ಲಿ ಬಿಟ್ಬಿಡೋರೇ ಜಾಸ್ತಿ ಅನ್ಸತ್ತೆ ನಂಗೆ.

ಮಾತ್ರೆಯಿಂದ ಸಿಟ್ಟಿನ ಕುದಿ ಇಳೀತು, ಪೂರ್ತಿ ಹೋಗ್ಲಿಲ್ಲ. ಉಳಿದಿದ್ದು ನಾನು ಮಾಡ್ಕೋಬೇಕಾದ ಕೆಲಸ. ಅದ್ರಲ್ಲಿ ನಂಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಒಂದೇ, ಈ ಸಿಟ್ಟು ಕಾಯಿಲೆದಾ ಇಲ್ಲಾ ವಿಷಯದ್ದಾ ಅಂತ ಬೇರೆ ಮಾಡೋದು. ಹೆಂಗೆ ಗೊತ್ತಾಗತ್ತೆ ಅಂದ್ರೆ, ಸಿಟ್ಟು ಬಂದ ಗಳಿಗೇಲಿ ಗೊತ್ತಾಗೋದೇ ಇಲ್ಲ, ಆಗ ಎಲ್ಲಾ ನ್ಯಾಯವಾದ ಸಿಟ್ಟೇ. ಅದನ್ನ ಅಂಗಡಿ ಬಿಲ್ ಬುಕ್ಕಿನ ಹಿಂದೆ ಒಂದು ಸಾಲು ಬರೆದಿಟ್ಟು, ಊಟ ಮಾಡಿ ಒಂದು ನಿದ್ದೆ ಆಗಿ ಮಾರನೇ ದಿನ 11 ಗಂಟೆಗೆ ಓದ್ತೀನಿ. "ಅತ್ತೆ ಟಿವಿ ಸೌಂಡ್" ಅಂತ ಬರ್ದಿದ್ರೆ ಓದ್ದಾಗ ಏನೂ ಅನ್ಸಲ್ಲ, ಅದು ಕಾಯಿಲೆದು, ಗೀಟು ಎಳೀತೀನಿ. "ನನ್ನ ಕೇಳ್ದೆ ಚೀಟಿ ದುಡ್ಡು ಮೈದುನನಿಗೆ ಕೊಟ್ರು" ಅಂತ ಬರ್ದಿದ್ದು ಮಾರನೇ ದಿನ ಓದಿದ್ರೂ ಹೊಟ್ಟೆ ಉರೀತು. ಅದು ವಿಷಯದ್ದು, ಅದನ್ನ ಮಾತಾಡ್ಲೇಬೇಕು.

11 ಗಂಟೆ ಯಾಕೆ ಅಂದ್ರೆ ನಂಗೆ ಬೆಳಗ್ಗೆನೇ ಕೆಟ್ಟದು. ಡಿಪ್ರೆಶನ್ನಲ್ಲಿ ತುಂಬಾ ಜನಕ್ಕೆ ಹಂಗೇ ಅಂತೆ, ನಸುಕಲ್ಲಿ ಎಚ್ಚರ ಆಗ್ಬಿಡತ್ತೆ, ಹೊತ್ತು ಏರ್ತಾ ಏರ್ತಾ ಸ್ವಲ್ಪ ಹಗುರ ಆಗತ್ತೆ. ಅದಕ್ಕೆ ಬೆಳಗ್ಗೆ ಹೊತ್ತು ಕಟಿಂಗ್ ಇಟ್ಕೊಳಲ್ಲ, ಗಿರಾಕಿಗಳ್ನ ಬರಕ್ಕೆ ಹೇಳಲ್ಲ, ಹೆಮ್ಮಿಂಗು, ಹುಕ್ಸು, ಕುಚ್ಚು ಇಂಥ ಮಾತಿಲ್ಲದ ಕೆಲಸ ಮಾತ್ರ. ಮನೇಲಿ ದುಡ್ಡಿನ ಮಾತು, ಮಗಳ ಮಾರ್ಕ್ಸ್ ಕಾರ್ಡು, ಎಲ್ಲಾ ಸಾಯಂಕಾಲಕ್ಕೆ. ಇದೊಂದನ್ನ ಬದಲಾಯಿಸಿದ್ದಕ್ಕೇ ಅರ್ಧ ಜಗಳ ಹುಟ್ಟಲೇ ಇಲ್ಲ.

ಸಿಟ್ಟು ಏರ್ತಿದೆ ಅನ್ನೋದು ನಂಗೆ ತಲೇಗಿಂತ ಮೊದ್ಲು ಕಾಲಿಗೆ ಗೊತ್ತಾಗತ್ತೆ. ಮೋಟರ್ ಮಿಷನ್ನು ನಂದು, ಪೆಡಲ್ ಮೇಲೆ ಕಾಲು ಒತ್ತಾಗಿ ಬೀಳತ್ತೆ, ಹೊಲಿಗೆ ಓಡತ್ತೆ, ದಾರ ಪಟ್ ಅಂತ ಕಿತ್ಹೋಗತ್ತೆ. ದಾರ ಎರಡನೇ ಸಲ ಕಿತ್ತಿದ್ರೆ ಸ್ವಿಚ್ ಆಫ್ ಮಾಡಿ ಎದ್ಬಿಡ್ತೀನಿ. ಹಲ್ಲು ಕಚ್ಕೊಂಡಿರೋದನ್ನ ಬಿಡ್ತೀನಿ, ಉಸಿರು ತಗೊಂಡಿದ್ದಕ್ಕಿಂತ ನಿಧಾನಕ್ಕೆ ಬಿಡ್ತೀನಿ. ನನ್ನ ತಂಗಿ ಮಗ, ಚಿಕ್ಕಮ್ಮ ದಿಂಬಿಗೆ ನಾಲ್ಕು ಗುದ್ದು ಗುದ್ದಿ ಎಲ್ಲಾ ಆಚೆ ಹೋಗತ್ತೆ ಅಂದಿದ್ದ. ಗುದ್ದಿದ್ರೆ ಇನ್ನೂ ಉರಿ. 2024ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಯವರು 154 ಅಧ್ಯಯನ ಒಟ್ಟಿಗೆ ಇಟ್ಟು ನೋಡಿದ್ದಾರೆ, ಅದ್ರಲ್ಲೂ ಇದೇ ಬಂದಿದೆ, ಮೈಯ ಬಿಸಿ ಇಳಿಸೋ ಉಸಿರಾಟ, ಧ್ಯಾನ, ಯೋಗದಿಂದ ಸಿಟ್ಟು ಇಳಿಯತ್ತೆ, ಓಡಿ ಬೆವರು ಸುರಿಸೋದ್ರಿಂದ ಇಳಿಯಲ್ಲ. ನಂಗಂತೂ ನೀರಲ್ಲಿ ಮುಖ ತೊಳ್ದು ಕುಚ್ಚು ಕಟ್ಟಕ್ಕೆ ಕೂತ್ರೇ ಸಾಕು.

ಯಜಮಾನ್ರ ಜೊತೆ ಒಂದು ಒಪ್ಪಂದ ಆಗಿದೆ. ನಾನು "ರೀ ಈಗ ಆಗಲ್ಲ, ಊಟ ಆದ್ಮೇಲೆ" ಅಂದ್ರೆ ಅವರು ಹಿಂದೆ ಬರಂಗಿಲ್ಲ, ನಾನು ಊಟ ಆದ್ಮೇಲೆ ಮಾತಾಡದೆ ಮಲಗಂಗಿಲ್ಲ. ಈ ಎರಡನೇದು ಇಲ್ದಿದ್ರೆ ಮೊದಲನೇದಕ್ಕೆ ಬೆಲೆ ಇಲ್ಲ, ಬರೀ ಮುಖ ಊದಿಸ್ಕೊಂಡು ಹೋದಂಗೆ. ಇದನ್ನ ಮಾತ್ರ ಇಬ್ರೂ ಚೆನ್ನಾಗಿದ್ದ ದಿನ ಕೂತು ಮಾತಾಡ್ಕೋಬೇಕು, ಜಗಳದ ಮಧ್ಯೆ ಒಪ್ಪಂದ ಆಗಲ್ಲ.

ಅಂಗಡೀಲಿ ಸಿಟ್ಟು ತಡಕೊಳೋದಕ್ಕಿಂತ ಸಿಟ್ಟಿನ ಕಾರಣ ತೆಗೆಯೋದೇ ಸುಲಭ ಆಯ್ತು. ನಾಳೆ ಮದುವೆ ಅಂತ ಇವತ್ತು ಬ್ಲೌಸ್ ಪೀಸ್ ತರೋರಿಗೆ ಇಲ್ಲ ಅಂತೀನಿ, ವೈಶಾಖ ಮಾಸದಲ್ಲೂ ಇಲ್ಲ ಅಂತೀನಿ. ಅಡ್ವಾನ್ಸ್ ಇಲ್ದೆ ಅಳತೆನೇ ತಗೊಳಲ್ಲ. ಆಗೋ ದಿನಕ್ಕಿಂತ ಎರಡು ದಿನ ಮುಂದಕ್ಕೆ ತಾರೀಕು ಬರ್ಕೊಡ್ತೀನಿ. ಕೆಲವು ಗಿರಾಕಿ ಹೋದ್ರು, ಹೋಗ್ಲಿ, ಆಲ್ಟ್ರೇಷನ್ನಿಗೆ ಅಂತ ತಂದು ಹೊಸದಾಗಿ ಹೊಲಿಸ್ಕೊಂಡು ಹೋಗೋರೇ ಅವರು.

ಇನ್ನು ಕಷ್ಟದ ಮಾತು. ಕಾಯಿಲೆ ಅಂತ ಮನೇಲಿ ಗೊತ್ತಾದ್ಮೇಲೆ, ನಾನು ದನಿ ಎತ್ತಿದ್ರೆ ಸಾಕು "ಮಾತ್ರೆ ತಗೊಂಡ್ಯಾ" ಅನ್ನೋಕೆ ಶುರು ಮಾಡಿದ್ರು. ಚೀಟಿ ದುಡ್ಡಿನ ವಿಷಯ ತೆಗೆದಾಗ್ಲೂ ಅದೇ. ಅಲ್ರೀ, ಡಿಪ್ರೆಶನ್ ಇದ್ರೆ ನ್ಯಾಯ ಕೇಳಂಗಿಲ್ವಾ? ಆವತ್ತು ನಾನು ಬಿಲ್ ಬುಕ್ಕು ತಂದು ಮುಂದೆ ಇಟ್ಟು, ಮೂರು ದಿನದ ಹಿಂದೆ ಬರೆದಿದೀನಿ, ಮೂರು ದಿನ ತಡೆದಿದೀನಿ, ಇವತ್ತು ಕೂಗದೆ ಕೇಳ್ತಿದೀನಿ, ಮಾತ್ರೆನೂ ತಗೊಂಡಿದೀನಿ, ಈಗ ಉತ್ತರ ಹೇಳಿ ಅಂದೆ. ಯಜಮಾನ್ರು ತುಂಬಾ ಹೊತ್ತು ಕನ್ನಡಕ ಒರೆಸ್ತಾ ಕೂತಿದ್ರು. ಆಮೇಲೆ ಮೈದುನನಿಗೆ ಫೋನ್ ಮಾಡಿ ಯಾವಾಗ ಕೊಡ್ತೀಯ ಅಂತ ಕೇಳಿದ್ರು. ಜಗಳ ಬೇಡ ಅಂತ ಎಲ್ಲಾ ನುಂಗ್ಕೊಳೋದು ದಾರಿ ಅಲ್ಲ. ನಾನು ಅದನ್ನ ವರ್ಷಗಟ್ಲೆ ಮಾಡಿದೀನಿ, ಕಾಯಿಲೆ ಬೆಳೆದಿದ್ದೇ ಅದ್ರಲ್ಲಿ ಅಂತ ನನ್ನ ಅನಿಸಿಕೆ.

ಕೆಲವು ಸಲ ಇಷ್ಟೆಲ್ಲ ಮಾಡಿದ್ರೂ ಬಾಯಿ ಜಾರತ್ತೆ. ಮಗಳ ಮೇಲೆ ರೇಗಿದ್ರೆ ಅವತ್ತೇ ಹತ್ರ ಕೂರಿಸ್ಕೊಂಡು "ನಿನ್ನ ತಪ್ಪಲ್ಲ ಪುಟ್ಟಿ, ಅಮ್ಮಂಗೆ ಹುಷಾರಿಲ್ಲ" ಅಂತೀನಿ, ಅಷ್ಟೇ, ಉದ್ದ ಭಾಷಣ ಇಲ್ಲ. ನಂಗೆ ಜಗಳಕ್ಕಿಂತ ಜಗಳ ಆದ್ಮೇಲಿನ ರಾತ್ರಿ ಭಯ, ನಾನಿದ್ದು ಇವರಿಗೆಲ್ಲ ಕಾಟ, ಇಲ್ದಿದ್ರೇ ವಾಸಿ ಅನ್ನೋ ಯೋಚನೆ ಬರತ್ತಲ್ಲ, ಅದು. ಅದು ಬಂದ್ರೆ ಒಬ್ಳೇ ಇರಲ್ಲ, ಯಜಮಾನ್ರನ್ನ ಎಬ್ಬಿಸ್ತೀನಿ, ಇಲ್ಲಾ 14416ಕ್ಕೆ ಫೋನ್ ಮಾಡ್ತೀನಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ ಎತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು.

ಅತ್ತೆ ಮಾತ್ರ ಇನ್ನೂ ಒಪ್ಪಿಲ್ಲ. ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ ಅಂತಾರೆ. ಅವರನ್ನ ಒಪ್ಪಿಸೋ ವಾದ ನಾನು ಬಿಟ್ಟಿದೀನಿ, ಮುಂದಿನ ಸಲ ಮಂಗಳವಾರ ಆಸ್ಪತ್ರೆಗೆ ಜೊತೇಲಿ ಕರ್ಕೊಂಡು ಹೋಗ್ತೀನಿ, ಅವರ ಮಂಡಿ ನೋವಿಗೂ ತೋರಿಸ್ದಂಗೆ ಆಗತ್ತೆ, ಡಾಕ್ಟ್ರ ಹತ್ರ ಏನು ಕೇಳ್ತಾರೋ ಅವರೇ ಕೇಳ್ಕೊಳ್ಲಿ.