ಫೋಕ್ಸ್‌ವ್ಯಾಗನ್: ಹೊಸದಾ, ಸೆಕೆಂಡ್ ಹ್ಯಾಂಡಾ? ಲೆಕ್ಕ ಹಾಕುವುದು ಹೀಗೆ

ಫೋಕ್ಸ್‌ವ್ಯಾಗನ್ ಪೋಲೊ ನಮ್ಮಲ್ಲಿಗೆ ಬಂದಿದ್ದು 2010ರಲ್ಲಿ, ನಿಂತಿದ್ದು 2022ರಲ್ಲಿ. ಇವತ್ತಿಗೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ. ಇನ್ನೊಂದು ಕಡೆ ಷೋರೂಮಿನಲ್ಲಿ ಇದೇ ಕಂಪನಿಯ ಹೊಸ ವರ್ಟಸ್ ಸೆಡಾನ್, ಟೈಗುನ್ ಎಸ್‌ಯುವಿ ನಿಂತಿವೆ. ಯಾವುದು ತಗೊಳ್ಳೋದು ಅಂತ ಕೇಳುವ ಹೆಚ್ಚಿನವರು ಎರಡು ಬೆಲೆಗಳನ್ನು ಪಕ್ಕಪಕ್ಕ ಇಟ್ಟು ಕಡಿಮೆ ಇರುವುದನ್ನು ನೋಡುತ್ತಾರೆ. ಈ ಕಂಪನಿಯ ಕಾರುಗಳ ಮಟ್ಟಿಗೆ ಅದು ಸಾಲದು. ಯಾವ ವರ್ಷದ ಗಾಡಿ, ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಅನ್ನುವುದರ ಮೇಲೆ ಮುಂದಿನ ಐದು ವರ್ಷದ ಖರ್ಚು ಪೂರ್ತಿ ಬದಲಾಗುತ್ತದೆ.

1. ಮೊದಲು ಆನ್ ರೋಡ್ ಲೆಕ್ಕ

ಕರ್ನಾಟಕದಲ್ಲಿ ರೋಡ್ ಟ್ಯಾಕ್ಸ್ ಜಾಸ್ತಿ. 5ರಿಂದ 10 ಲಕ್ಷದ ಕಾರಿಗೆ ಶೇ 14, 10ರಿಂದ 20 ಲಕ್ಷದ ಕಾರಿಗೆ ಶೇ 17, ಅದರಾಚೆಗೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಷೋರೂಂ ಬೆಲೆ 14 ಲಕ್ಷ ಅಂದುಕೊಳ್ಳಿ. ತೆರಿಗೆ 2.38 ಲಕ್ಷ, ಸೆಸ್ 26 ಸಾವಿರ ಚಿಲ್ಲರೆ, ಒಟ್ಟು 2.64 ಲಕ್ಷ. ವಿಮೆ ಸೇರಿಸಿದರೆ 17 ಲಕ್ಷ ದಾಟುತ್ತದೆ. ಈ ತೆರಿಗೆ ಕಾರಿನ ಜೊತೆ ಹುಟ್ಟಿ, ಮೊದಲ ಮಾಲೀಕನ ಜೇಬಿನಲ್ಲೇ ಕರಗಿ ಹೋಗುತ್ತದೆ. ಮಾರುವಾಗ ಅದನ್ನು ಯಾರೂ ಪೂರ್ತಿ ವಾಪಸ್ ಕೊಡುವುದಿಲ್ಲ. ಕರ್ನಾಟಕದ್ದೇ ನೋಂದಣಿ ಇರುವ ಎರಡು ಮೂರು ವರ್ಷದ ಕಾರು ಕೊಂಡರೆ ನಿಮಗೆ ಸಿಗುವ ದೊಡ್ಡ ಲಾಭ ಇದೇ.

ಹಳೆಯದಕ್ಕೆ ಎಷ್ಟು ಕೊಡಬಹುದು ಅಂತ ಅಂದಾಜು ಸಿಗುತ್ತಿಲ್ಲವೇ? ವಿಮಾ ಕಂಪನಿಗಳು ಬಳಸುವ ಸವಕಳಿ ಪಟ್ಟಿ ನೋಡಿ. ಒಂದರಿಂದ ಎರಡು ವರ್ಷದ ಕಾರಿಗೆ ಶೇ 20 ಇಳಿಕೆ, ಎರಡರಿಂದ ಮೂರಕ್ಕೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50. ಅಂದರೆ ಮೇಲಿನ 14 ಲಕ್ಷದ ಕಾರು ಎರಡೂವರೆ ವರ್ಷಕ್ಕೆ 9.80 ಲಕ್ಷ. ಮಾರುಕಟ್ಟೆ ಬೆಲೆ ಇದಕ್ಕಿಂತ ಮೇಲೇ ಇರುತ್ತದೆ ನಿಜ, ಆದರೆ ಚೌಕಾಸಿಗೆ ಕೂತಾಗ ಕೈಯಲ್ಲಿ ಒಂದು ಅಂಕಿ ಇರುತ್ತದಲ್ವಾ.

ಸಾಲ ಮಾಡುವವರು ಇನ್ನೊಂದು ಲೆಕ್ಕ ಮರೆಯಬಾರದು. ಹಳೆಯ ಕಾರಿಗೆ ಬಡ್ಡಿ ಜಾಸ್ತಿ. 10 ಲಕ್ಷಕ್ಕೆ ಐದು ವರ್ಷ, ಶೇ 9ರಲ್ಲಿ ಕಂತು ಸುಮಾರು 20,760. ಶೇ 13ರಲ್ಲಿ ಸುಮಾರು 22,750. ಐದು ವರ್ಷಕ್ಕೆ 1.20 ಲಕ್ಷದಷ್ಟು ವ್ಯತ್ಯಾಸ. ಕಾರಿನಲ್ಲಿ ಉಳಿಸಿದ್ದರಲ್ಲಿ ಒಂದು ಭಾಗ ಬ್ಯಾಂಕಿಗೆ ಹೋಯಿತು ಅಂತಲೇ ತಿಳಿದುಕೊಳ್ಳಿ.

2. ಎಂಜಿನ್, ಗೇರ್‌ಬಾಕ್ಸ್ ಆಯ್ಕೆ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ದುಡ್ಡು ಉಳಿಯುವುದೂ ಕಳೆಯುವುದೂ ಇಲ್ಲೇ.

ಪೋಲೊ ಒಂದೇ ಹೆಸರಾದರೂ ಒಳಗೆ ಹಲವು ಕಾರುಗಳಿವೆ. ಮೊದಲ ವರ್ಷಗಳ 1.2 ಲೀಟರ್ ಪೆಟ್ರೋಲ್, 1.2 ಲೀಟರ್ ಡೀಸೆಲ್ ಎರಡೂ ಮೂರು ಸಿಲಿಂಡರಿನವು. 2013ರಲ್ಲಿ ಜಿಟಿ ಟಿಎಸ್‌ಐ ಬಂತು, 1.2 ಟರ್ಬೊ ಪೆಟ್ರೋಲ್ ಎಂಜಿನ್ (ಟಿಎಸ್‌ಐ ಅಂದರೆ ಅದೇ), 7 ಸ್ಪೀಡ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 2014ರಲ್ಲಿ 1.5 ಡೀಸೆಲ್. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಜಾರಿಯಾದಾಗ ಕಂಪನಿ ಇಲ್ಲಿ ಡೀಸೆಲ್ ನಿಲ್ಲಿಸಿ 1.0 ಟಿಎಸ್‌ಐ ತಂದಿತು.

ಡಿಎಸ್‌ಜಿ ಓಡಿಸಲು ಬಹಳ ಚೆನ್ನ, ಅದರಲ್ಲಿ ಅನುಮಾನ ಇಲ್ಲ. ಆದರೆ ಈ 7 ಸ್ಪೀಡಿನದು ಡ್ರೈ ಕ್ಲಚ್, ಅಂದರೆ ಕ್ಲಚ್ಚನ್ನು ತಂಪು ಮಾಡಲು ಎಣ್ಣೆ ಇರುವುದಿಲ್ಲ. ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್ಕಿನಲ್ಲಿ ಇಂಚಿಂಚೇ ತೆವಳುವಾಗ ಅದರ ಕ್ಲಚ್ ಬಿಸಿಯಾಗುತ್ತದೆ, ಸವೆಯುತ್ತದೆ. ಮೆಕಟ್ರಾನಿಕ್ ಅನ್ನುವ ನಿಯಂತ್ರಣ ಭಾಗ ಕೈಕೊಟ್ಟರೆ ಬಿಲ್ಲು ಲಕ್ಷ ದಾಟಬಹುದು. 2013ರಲ್ಲಿ ಚೀನಾದಲ್ಲಿ ಡಿಎಸ್‌ಜಿ ತೊಂದರೆಗೆ ಕಂಪನಿ 3.84 ಲಕ್ಷ ಕಾರುಗಳನ್ನು ವಾಪಸ್ ಕರೆದಿತ್ತು. ಹಾಗಾಗಿ ಹಳೆಯ ಜಿಟಿ ಟಿಎಸ್‌ಐ ನೋಡುವವರು ಕ್ಲಚ್, ಮೆಕಟ್ರಾನಿಕ್ ಯಾವಾಗ ಬದಲಿಸಿದ್ದಾರೆ ಅನ್ನುವ ಬಿಲ್ಲು ತೋರಿಸಿ ಅಂತ ಕೇಳಿ. ಬಿಲ್ಲು ಇಲ್ಲ ಅಂದರೆ ನಾನಾದರೆ ಬಿಟ್ಟುಬಿಡುತ್ತೇನೆ, ಕಾರು ಎಷ್ಟೇ ಹೊಳೆಯುತ್ತಿರಲಿ.

ಡೀಸೆಲ್ ಬೇಕು ಅನ್ನುವವರಿಗೆ ಎರಡು ಮಾತು. ಡೀಸೆಲ್ ಹೊಗೆ ಪರೀಕ್ಷೆಯಲ್ಲಿ ಕಂಪನಿ ಮೋಸ ಮಾಡಿದ್ದು ಬಯಲಾದ 2015ರ ಹಗರಣದ ನಂತರ ಫೋಕ್ಸ್‌ವ್ಯಾಗನ್, ಸ್ಕೋಡಾ, ಔಡಿ ಸೇರಿ ಭಾರತದಲ್ಲಿ 3.23 ಲಕ್ಷಕ್ಕೂ ಹೆಚ್ಚು ಡೀಸೆಲ್ ಕಾರುಗಳಿಗೆ ರಿಕಾಲ್ ಘೋಷಣೆಯಾಯಿತು. ನೀವು ನೋಡುತ್ತಿರುವ ಗಾಡಿಗೆ ಆ ರಿಕಾಲ್‌ನ ಕೆಲಸ ಆಗಿದೆಯೇ ಅಂತ ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಎರಡನೆಯದು, ಎಂಜಿನ್ನಿನ ಟೈಮಿಂಗ್ ಬೆಲ್ಟ್. ಅದು ಓಡುವಾಗ ತುಂಡಾದರೆ ಎಂಜಿನ್ನೇ ಬಿಚ್ಚಬೇಕಾಗುತ್ತದೆ, ಆದ್ದರಿಂದ ಬದಲಿಸಿದ ದಾಖಲೆ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಕಡಿಮೆ ಮಾಡಿಸಿ.

ಹೊಸ ಸಾಲಿನಲ್ಲಿ ಟೈಗುನ್ 2021ರ ಸೆಪ್ಟೆಂಬರ್‌ನಲ್ಲಿ, ವರ್ಟಸ್ 2022ರ ಜೂನ್‌ನಲ್ಲಿ ಬಂದವು. 1.0 ಟಿಎಸ್‌ಐ ಎಂಜಿನ್ನಿನ ಶಕ್ತಿ 115 ಪಿಎಸ್, 1.5 ಟಿಎಸ್‌ಐನದು 150 ಪಿಎಸ್. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ 1.0 ಆಟೊಮ್ಯಾಟಿಕ್‌ಗಳಲ್ಲಿ ಇರುವುದು 6 ಸ್ಪೀಡ್ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಗೇರ್‌ಬಾಕ್ಸ್), ಡಿಎಸ್‌ಜಿ ಬರುವುದು 1.5ರಲ್ಲಿ ಮಾತ್ರ. ಊರೊಳಗೆ ದಿನಾ ಓಡಾಡುವವರಿಗೆ ಆ ಟಾರ್ಕ್ ಕನ್ವರ್ಟರ್ ನೆಮ್ಮದಿ. ಇದೇ 1.0 ಎಂಜಿನ್ ಇರುವ ಸ್ಕೋಡಾ ಕುಶಾಕ್‌ನ ಮೊದಲ ಬ್ಯಾಚುಗಳಲ್ಲಿ ಇಪಿಸಿ ಅನ್ನುವ ಎಂಜಿನ್ ಎಚ್ಚರಿಕೆ ದೀಪ ಹೊತ್ತಿಕೊಂಡು ಫ್ಯುಯೆಲ್ ಪಂಪ್ ಬದಲಿಸಿದ್ದುಂಟು. 2021ರ ಟೈಗುನ್ ಆದರೆ ಇದನ್ನೂ ಕೇಳಿಬಿಡಿ.

ಸುರಕ್ಷತೆಯಲ್ಲಿ ಹೊಸದಕ್ಕೂ ಹಳೆಯದಕ್ಕೂ ಅಂತರ ದೊಡ್ಡದು. 2014ರ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೊಗೆ ಸೊನ್ನೆ, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ 4 ಸ್ಟಾರ್ ಬಂತು. ಆಮೇಲೆ ಎಲ್ಲ ಪೋಲೊಗೂ ಎರಡು ಏರ್‌ಬ್ಯಾಗ್ ಹಾಕಿದರು. ಅದಕ್ಕೂ ಮುಂಚಿನ ಏರ್‌ಬ್ಯಾಗ್ ಇಲ್ಲದ ಗಾಡಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಮನೆಯವರನ್ನು ಕೂರಿಸಲು ತರಬೇಡಿ. ಟೈಗುನ್, ವರ್ಟಸ್ ಎರಡಕ್ಕೂ 5 ಸ್ಟಾರ್ ಇದೆ.

ಪೆಟ್ರೋಲ್ ವಿಷಯವೂ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಇ20. 2023ರ ಏಪ್ರಿಲ್ ನಂತರದ ಕಾರುಗಳು ಇದಕ್ಕೆ ಹೊಂದುವಂತೆ ತಯಾರಾದವು. ಹಳೆಯ ಪೋಲೊ ಹಾಗಲ್ಲ, ಮೈಲೇಜ್ ಸ್ವಲ್ಪ ಇಳಿಯುತ್ತದೆ, ರಬ್ಬರ್ ಪೈಪುಗಳ ಮೇಲೆ ಕಣ್ಣಿಡಬೇಕು.

3. ಕಾರು ನೋಡಲು ಹೋದಾಗ

ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮೀಟರ್ ನಂಬಬೇಡಿ, ಸರ್ವಿಸ್ ಹಿಸ್ಟರಿ ನಂಬಿ. ಟೈರಿನ ಮೇಲಿನ ನಾಲ್ಕು ಅಂಕಿ ಓದಿ: 2419 ಅಂದರೆ 2019ರ 24ನೇ ವಾರ ತಯಾರಾದದ್ದು. 2022ರ ಕಾರು, 18 ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಅಂತಾರೆ, ಆದರೆ ಟೈರು 2025ರದ್ದು ಅಂದರೆ ಯಾಕೆ ಬದಲಿಸಿದ್ರಿ ಅಂತ ಕೇಳಲೇಬೇಕು.

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟೋ ಕಾರುಗಳು ನೀರಲ್ಲಿ ಮುಳುಗಿದ್ದವು. ಅಂಥ ಗಾಡಿಯನ್ನು ತೊಳೆದು ಮಾರಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು ನೋಡಿ, ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ. ಕಾರ್ಪೆಟ್ ಎತ್ತಿ, ಸೀಟಿನ ಕೆಳಗಿನ ಬೋಲ್ಟಿನ ತುಕ್ಕು ನೋಡಿ, ವಿಮೆ ಕ್ಲೇಮ್ ವಿವರ ಕೇಳಿ. ಮಂಗಳೂರು, ಉಡುಪಿ ಕಡೆ ಓಡಿದ ಗಾಡಿಯಾದರೆ ಅಡಿಭಾಗಕ್ಕೆ ಟಾರ್ಚ್ ಹಾಕಿ ನೋಡಿ, ಕಡಲ ಗಾಳಿಯ ಉಪ್ಪು ಸುಮ್ನೆ ಬಿಡುವುದಿಲ್ಲ. ಕೊನೆಗೆ ಸ್ಕ್ಯಾನರ್ ಇರುವ, ಈ ಕಂಪನಿಯ ಗಾಡಿ ಗೊತ್ತಿರುವ ಗ್ಯಾರೇಜಿಗೆ ಕರೆದೊಯ್ದು ಕಾರಿನ ಕಂಪ್ಯೂಟರ್ ದಾಖಲಿಸಿದ ಫಾಲ್ಟ್ ಕೋಡ್ ಓದಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ವಾಪಸ್ ಬನ್ನಿ.

4. ವಾರಂಟಿ ನೋಡಿ ತೀರ್ಮಾನಿಸಿ

ಇಲ್ಲಿಯವರೆಗಿನ ಲೆಕ್ಕ ನೋಡಿದರೆ ನನ್ನ ಸಲಹೆ ಸರಳ. ವಾರಂಟಿ ಇನ್ನೂ ಉಳಿದಿರುವ, ಎರಡು ಮೂರು ವರ್ಷದ, ಕರ್ನಾಟಕ ನೋಂದಣಿಯ 1.0 ವರ್ಟಸ್ ಅಥವಾ ಟೈಗುನ್ ಮೊದಲು ಹುಡುಕಿ. ಕಂಪನಿಯದೇ ಸೆಕೆಂಡ್ ಹ್ಯಾಂಡ್ ಮಳಿಗೆಯಲ್ಲಿ ಬೆಲೆ ಸ್ವಲ್ಪ ಜಾಸ್ತಿ ಕೇಳಿದರೂ ಕಾಗದಪತ್ರ ನೇರವಾಗಿರುತ್ತದೆ. 1.5 ಡಿಎಸ್‌ಜಿಯೇ ಬೇಕು, ಎಂಟು ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ ಅನ್ನುವವರು ಹೊಸದನ್ನೇ ತಗೊಂಡು ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿ. ತಿಂಗಳಿಗೆ ನಾಲ್ಕೈದು ನೂರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ 2020ರ ನಂತರದ 1.0 ಟಿಎಸ್‌ಐ ಮ್ಯಾನುವಲ್ ಪೋಲೊ ಸಾಕು.

5. ಕಾಗದಪತ್ರ

ಬೇರೆ ರಾಜ್ಯದ ಕಾರು ಅಗ್ಗ ಅಂತ ಕಾಣುತ್ತದೆ. ದಿಲ್ಲಿಯಲ್ಲಿ 10 ವರ್ಷದ ಡೀಸೆಲ್ ಕಾರುಗಳಿಗೆ ಕಟ್ಟುಪಾಡು ಬಂದ ಮೇಲೆ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಕಡಿಮೆ ಬೆಲೆಗೆ ಬರುತ್ತವೆ. ಆದರೆ ಅಲ್ಲಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತರಿಸಿ ಇಲ್ಲಿ ಮರುನೋಂದಣಿ ಮಾಡಿಸುವಾಗ ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿನ ತೆರಿಗೆ ಕಟ್ಟಬೇಕು. ಆ ಮೊತ್ತ ಆರ್‌ಟಿಓದಲ್ಲಿ ಕೇಳಿಕೊಂಡೇ ಮುಂಗಡ ಕೊಡಿ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ, ಫಾರ್ಮ್ 35 ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29, 30. ಬಾಕಿ ಟ್ರಾಫಿಕ್ ದಂಡವನ್ನು ಮಾರುವವರಿಂದಲೇ ಕಟ್ಟಿಸಿ. ಗಾಡಿ ಕೈಗೆ ಬಂದ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಕಾರಿಗಾದ ಹಾನಿಗೆ ಕ್ಲೇಮ್ ಸಿಗುವುದು ಕಷ್ಟ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದೇ, ಅದು ನಿಮಗೆ ಬರುವುದಿಲ್ಲ, ಆದ್ದರಿಂದ ಮುಂದಿನ ಪ್ರೀಮಿಯಂ ಅವರು ಕಟ್ಟುತ್ತಿದ್ದುದಕ್ಕಿಂತ ಜಾಸ್ತಿ ಬರಬಹುದು ಅಂತ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ.