ಔಷಧಿಯಿಂದಲೇ ಬರುವ ಜ್ವರವನ್ನು ಗುರುತಿಸುವ ಬಗೆ

ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಜ್ವರ ಬಿಡದಿದ್ದರೆ ಇಲಿಜ್ವರ, ಡೆಂಗಿ, ಬೇಸಿಗೆಯಾದರೆ ಮಂಗನ ಕಾಯಿಲೆ ಎಂದು ಮೊದಲು ಶಂಕಿಸುವುದು ಸರಿಯೇ. ಆ ಪರೀಕ್ಷೆಗಳನ್ನು ತಪ್ಪಿಸಬಾರದು. ಅವೆಲ್ಲ ನೆಗೆಟಿವ್ ಬಂದರೂ ಜ್ವರ ನಿಲ್ಲದಿದ್ದರೆ ನುಂಗುತ್ತಿರುವ ಮಾತ್ರೆಗಳತ್ತ ನೋಡಬೇಕು.

ಪ್ರತಿ ಔಷಧಿಯ ಹೆಸರು, ಆರಂಭಿಸಿದ ದಿನಾಂಕ ಮತ್ತು ಜ್ವರ ಕಾಣಿಸಿಕೊಂಡ ದಿನವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅಂಗಡಿಯಲ್ಲಿ ಕೇಳಿ ತಂದದ್ದನ್ನೂ ಸೇರಿಸಿ, ಅದನ್ನೇ ಜನ ಮರೆಯುವುದು. ಪೆನ್ಸಿಲಿನ್ ವರ್ಗದ ಆಂಟಿಬಯೋಟಿಕ್, ಸಲ್ಫಾ ಮಾತ್ರೆ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮುಂತಾದವು ಸಾಮಾನ್ಯವಾಗಿ ಶುರುವಾದ 7ರಿಂದ 10 ದಿನಗಳಲ್ಲಿ ಜ್ವರ ತರಿಸುತ್ತವೆಯಾದರೂ, ವಾರಗಟ್ಟಲೆ ತಡವಾಗಿಯೂ, ಹಿಂದೊಮ್ಮೆ ಅದೇ ಔಷಧಿ ಒಗ್ಗದವರಲ್ಲಿ ಕೆಲವೇ ಗಂಟೆಗಳಲ್ಲಿಯೂ ಬರುವುದುಂಟು. 102 ಡಿಗ್ರಿ ಜ್ವರವಿದ್ದರೂ ರೋಗಿ ಗಂಜಿ ಉಂಡು ಜಗಲಿಯಲ್ಲಿ ಹರಟುತ್ತ ಕುಳಿತಿರುವುದು ಒಂದು ಸುಳಿವು. ಮೈಮೇಲೆ ದದ್ದು, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳ ಹೆಚ್ಚಳ ಕಂಡರೆ ಗುಮಾನಿ ಬಲವಾಗುತ್ತದೆ, ಕಾಣದಿದ್ದರೆ ತಳ್ಳಿಹಾಕುವಂತಿಲ್ಲ.

ಹಾಳೆಯನ್ನು ವೈದ್ಯರಿಗೆ ತೋರಿಸಿ. ಯಾವ ಮಾತ್ರೆಯನ್ನೂ, ಮೂರ್ಛೆಯದ್ದನ್ನಂತೂ, ನೀವಾಗಿ ನಿಲ್ಲಿಸಬೇಡಿ. ಅವರು ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ 2–3 ದಿನಗಳಲ್ಲಿ ಜ್ವರ ಇಳಿಯುತ್ತದೆ. ದದ್ದಿನೊಂದಿಗೆ ಬಾಯಿಹುಣ್ಣು, ಮುಖದ ಊತ ಅಥವಾ ಹಳದಿ ಕಣ್ಣು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಒಗ್ಗದ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, ಮುಂದೆ ಕಾರವಾರಕ್ಕೆ ಹೋದರೂ ಮಣಿಪಾಲಕ್ಕೆ ಹೋದರೂ ಮೊದಲೇ ತೋರಿಸಿ.